ರಜೆಯಲ್ಲಿ ಊರಿಗೆ ಬಂದು ಹಲ್ಲು ಕಟ್ಟಿಸುವ ಮೊದಲು...

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮಲ್ಲಿ ಹಳೆಯದು. ಇಂದಿನ ಕರಾವಳಿಗೆ ಅದನ್ನು ಸ್ವಲ್ಪ ಬದಲಾಯಿಸಿ ಹೇಳಬಹುದು. ದುಡಿಮೆಯಿರುವ ಕಡೆ ಹಲ್ಲಿನ ಡಾಕ್ಟರ ಬಿಲ್ಲು ಕೈಗೆಟಕುವುದಿಲ್ಲ, ಬಿಲ್ಲು ಕೈಗೆಟಕುವ ಊರಿನಲ್ಲಿ ನಿಲ್ಲಲು ರಜೆ ಸಾಲುವುದಿಲ್ಲ!

ದುಬೈ, ಕುವೈತ್, ದೋಹಾಗಳಿಂದ, ದೂರದ ಲಂಡನ್, ಟೊರೊಂಟೊಗಳಿಂದ ರಜೆಗೆ ಬರುವ ನಮ್ಮವರ ಪಟ್ಟಿಯಲ್ಲಿ ಮದುವೆ, ಮನೆ ರಿಪೇರಿ, ಬ್ಯಾಂಕಿನ ಕೆಲಸಗಳ ಜೊತೆಗೆ ಈಗ ಹಲ್ಲಿನ ಕೆಲಸವೂ ಸೇರಿಕೊಂಡಿದೆ. ವರ್ಷವಿಡೀ ಹಲ್ಲುನೋವನ್ನು ಮಾತ್ರೆಯಲ್ಲಿ ಅದುಮಿಟ್ಟು, ಊರಿಗೆ ಬಂದ ಮರುದಿನವೇ ಕ್ಲಿನಿಕ್ಕಿಗೆ ಓಡುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ದೇಶ ದಾಟಿ ಬಂದು ಮಾಡಿಸುವ ಚಿಕಿತ್ಸೆಯಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ? ಅಪಾಯವೇನು? ಈ ಬಗ್ಗೆ ಸ್ವಲ್ಪ ಯೋಚಿಸೋಣ.

ಬಂಡೀಪುರದ ಗೇಟು ಕಲಿಸಿದ ಪಾಠ

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಗೆಂದು ಗಲ್ಫಿನಿಂದ ಬಂದ ನಮ್ಮ ಭಾವ, ಬಹಳ ದಿನಗಳಿಂದ ಕಾಡುತ್ತಿದ್ದ ದವಡೆಯ ಕೊನೆಯ ಹಲ್ಲನ್ನು ಒಂದು ಮಂಗಳವಾರ ಕೀಳಿಸಿಕೊಂಡರು. ಗುರುವಾರ ಬೆಳಿಗ್ಗೆ ಮಕ್ಕಳನ್ನೆಲ್ಲ ಕರೆದುಕೊಂಡು ನಾವು ಮೈಸೂರು, ಬಂಡೀಪುರ, ಊಟಿ ಎಂದು ಹೊರಟೆವು. ಡಾಕ್ಟರು ಒಂದು ವಾರ ಸಿಗರೇಟು ಸೇದಬೇಡಿ ಎಂದಿದ್ದರು. ಊಟಿಯ ಚಳಿಯಲ್ಲಿ ಭಾವನಿಗೆ ಅದು ನೆನಪಾಗಲಿಲ್ಲ!

ಆ ರಾತ್ರಿಯೇ ನೋವು ಶುರುವಾಯಿತು. ಶುಕ್ರವಾರ ಸಂಜೆಯ ಹೊತ್ತಿಗೆ ಅದು ಕಿವಿಯವರೆಗೂ ಹತ್ತಿ, ಯಾವ ಮಾತ್ರೆಗೂ ಬಗ್ಗದಂತಾಯಿತು. ಹೇಗಾದರೂ ಮೈಸೂರು ಸೇರೋಣವೆಂದು ಗೂಡಲೂರಿನಿಂದ ಹೊರಟರೆ ಊರಾಚೆ ಗೇಟು ಬಿದ್ದಿತ್ತು. ಬಂಡೀಪುರ ಅರಣ್ಯದೊಳಗೆ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಆಂಬುಲೆನ್ಸ್‌ಗೆ ವಿನಾಯಿತಿ ಇದೆ. ಆದರೆ ಹಲ್ಲುನೋವಿಗೆ ಆಂಬುಲೆನ್ಸ್ ಕರೆಯುವುದು ಹೇಗೆ? ಗೇಟಿನವರು ಗಡಿಯಾರ ತೋರಿಸಿ ಕೈಯಾಡಿಸಿದರು. ರಾತ್ರಿಯಲ್ಲಿ ಓಡಾಡುವ ಪ್ರಾಣಿಗಳ ಜೀವ ಉಳಿಸಲು ಮಾಡಿದ ನಿಯಮ ಅದು, ಅದರ ಮೇಲೆ ನಮಗೆ ಸಿಟ್ಟಿಲ್ಲ. ಹೊತ್ತು ನೋಡಿ ಹೊರಡದ ತಪ್ಪು ನಮ್ಮದು.

ಮರುದಿನ ಆರು ಗಂಟೆಗೆ ಗೇಟು ತೆರೆಯಿತು. ರಸ್ತೆಯ ಎರಡೂ ಬದಿ ಜಿಂಕೆಗಳ ಹಿಂಡು, ಮಂಜಿನಲ್ಲಿ ಒಂದು ಆನೆ. ಮಕ್ಕಳು ಕೂಗಿ ಕುಣಿಯುತ್ತಿದ್ದರೆ ಭಾವ ತಲೆಯೆತ್ತಿ ನೋಡಲಿಲ್ಲ. ಗುಂಡ್ಲುಪೇಟೆಯಲ್ಲಿ ದಂತವೈದ್ಯರೊಬ್ಬರು ಸಿಕ್ಕಿದರು. ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟಬೇಕಾದ ರಕ್ತ ಉಳಿಯದೆ ಎಲುಬು ತೆರೆದುಕೊಂಡಿದೆ, ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ ಎಂದು ವಿವರಿಸಿ, ಗುಳಿಯನ್ನು ತೊಳೆದು ಮದ್ದು ತುಂಬಿದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಅವರು ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ಮರೆತಿಲ್ಲ: "ನಿಮ್ಮ ಎಕ್ಸ್‌ರೇ ಎಲ್ಲಿ? ಯಾವ ಮಾತ್ರೆ ಕೊಟ್ಟಿದ್ದಾರೆ?" ಚೀಟಿ, ಎಕ್ಸ್‌ರೇ ಎಲ್ಲವೂ ಮುನ್ನೂರು ಕಿಲೋಮೀಟರಿಗೂ ದೂರ, ಮನೆಯ ಫ್ರಿಜ್ಜಿನ ಮೇಲಿದ್ದವು.

ಇದು ಒಂದು ರಾತ್ರಿಯ ಕಷ್ಟ. ಗೇಟು ಬೆಳಿಗ್ಗೆ ತೆರೆಯಿತು. ಆದರೆ ರಜೆಯಲ್ಲಿ ಬಂದು ಹಲ್ಲು ಕಟ್ಟಿಸಿ ಮರಳುವವರ ಗೇಟು ವಿಮಾನದ ಬಾಗಿಲು. ಅದು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಮುಂದಿನ ರಜೆಗೆ. ಹಲ್ಲಿನ ಚಿಕಿತ್ಸೆಯ ಬೆಲೆಯನ್ನು ಲೆಕ್ಕ ಹಾಕುವಾಗ, ತೊಂದರೆಯಾದರೆ ಡಾಕ್ಟರ ಬಳಿಗೆ ಮರಳುವ ದಾರಿಯ ಖರ್ಚನ್ನೂ ಸೇರಿಸಬೇಕು. ನಮ್ಮಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ.

ಊರಿಗೇ ಬರುವುದೇಕೆ?

ಕಾರಣ ಸ್ಪಷ್ಟ. ಹೊರದೇಶಗಳಲ್ಲಿ ಬಹಳಷ್ಟು ಆರೋಗ್ಯ ವಿಮೆಗಳು ಹಲ್ಲನ್ನು ಹೊರಗಿಡುತ್ತವೆ ಇಲ್ಲವೇ ಅಲ್ಪ ಮೊತ್ತಕ್ಕೆ ಸೀಮಿತಗೊಳಿಸುತ್ತವೆ. ಅಮೆರಿಕದಲ್ಲಿ ಹಿರಿಯರಿಗಾಗಿರುವ ಮೂಲ ಮೆಡಿಕೇರ್ ವಿಮೆ ಕೂಡ ಸಾಮಾನ್ಯ ಹಲ್ಲಿನ ಚಿಕಿತ್ಸೆಗಳಿಗೆ ಹಣ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಸರಕಾರಿ ಆರೋಗ್ಯ ಸೇವೆಯಡಿ ಕ್ರೌನ್, ಬ್ರಿಡ್ಜ್, ದಂತಪಂಕ್ತಿಯಂಥ ಚಿಕಿತ್ಸೆಗೆ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರ 326.70 ಪೌಂಡ್. ಆದರೆ ಆ ದರಕ್ಕೆ ಹೊಸ ರೋಗಿಗಳನ್ನು ತೆಗೆದುಕೊಳ್ಳುವ ವೈದ್ಯರು ಸಿಗುವುದೇ ಅಲ್ಲಿ ದೊಡ್ಡ ಸಮಸ್ಯೆ. ಇಂಪ್ಲಾಂಟ್ ಬೇಕಾದರೆ ಬಹುತೇಕ ಎಲ್ಲರೂ ಖಾಸಗಿಗೇ ಹೋಗಬೇಕು.

ಇತ್ತ ನಮ್ಮ ಕರಾವಳಿಯಲ್ಲಿ ದಂತವೈದ್ಯರ ಕೊರತೆಯಿಲ್ಲ. ಮಣಿಪಾಲದ ದಂತ ಕಾಲೇಜು 1965ರಷ್ಟು ಹಿಂದೆಯೇ ಆರಂಭವಾಯಿತು. ದೇರಳಕಟ್ಟೆಯ ಎ.ಬಿ. ಶೆಟ್ಟಿ ದಂತ ಕಾಲೇಜು 1985ರಲ್ಲಿ, ಮಂಗಳೂರಿನ ಮಣಿಪಾಲ ದಂತ ಕಾಲೇಜು 1987ರಲ್ಲಿ, ಯೆನೆಪೋಯ ದಂತ ಕಾಲೇಜು 1992ರಲ್ಲಿ ಬಂದವು. ಕಾಲೇಜು ಆಸ್ಪತ್ರೆಗಳಲ್ಲಿ ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ದರ ಕಡಿಮೆ. ಆದರೆ ಹೆಚ್ಚು ಸಲ ಹೋಗಬೇಕಾಗುತ್ತದೆ, ಹೆಚ್ಚು ಹೊತ್ತು ಕುಳಿತಿರಬೇಕಾಗುತ್ತದೆ. ರಜೆಯ ದಿನಗಳನ್ನು ಎಣಿಸುವವರು ಇದನ್ನು ತಿಳಿದಿರಬೇಕು.

ಹಲ್ಲಿಗಾಗಿ ಗಡಿ ದಾಟುವವರು ನಾವು ಮಾತ್ರವೇನಲ್ಲ. ಅಮೆರಿಕದವರು ಗಡಿಯಾಚೆಯ ಮೆಕ್ಸಿಕೊದ ಲಾಸ್ ಅಲ್ಗೊಡೋನೆಸ್ ಎಂಬ ಸಣ್ಣ ಊರಿಗೆ ಹೋಗುತ್ತಾರೆ. ಆಸ್ಟ್ರಿಯಾದವರು ಹಂಗೆರಿಯ ಗಡಿ ಪಟ್ಟಣಗಳಿಗೆ, ಬ್ರಿಟನ್ನಿನವರು ಟರ್ಕಿಗೆ ಹೋಗುತ್ತಾರೆ. ಒಂದೇ ವಾರದಲ್ಲಿ ಮುತ್ತಿನಂಥ ಹಲ್ಲು ಎಂಬ ಜಾಹೀರಾತು ನಂಬಿ ಹೋದವರಲ್ಲಿ ಕೆಲವರ ಆರೋಗ್ಯವಂತ ಹಲ್ಲುಗಳನ್ನೂ ಮೊಳೆಯಷ್ಟಕ್ಕೆ ಅರೆದು ಕ್ರೌನ್ ಹಾಕಿ ಕಳುಹಿಸಿದ ಪ್ರಕರಣಗಳ ಬಗ್ಗೆ ಬ್ರಿಟಿಷ್ ದಂತವೈದ್ಯರ ಸಂಘ ಮತ್ತೆ ಮತ್ತೆ ಎಚ್ಚರಿಸಿದೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಅವಸರದ ಚಿಕಿತ್ಸೆಯ ಅಪಾಯ ಯಾವ ದೇಶದಲ್ಲಾದರೂ ಒಂದೇ.

ಉಳಿತಾಯದ ನಿಜವಾದ ಲೆಕ್ಕ

ಒಂದು ಉದಾಹರಣೆ ನೋಡೋಣ. ಲೆಕ್ಕ ತಿಳಿಯಲೆಂದು ಮಾತ್ರ ಈ ಅಂಕಿಗಳನ್ನು ಹಿಡಿದಿದ್ದೇವೆ, ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಿ. ಒಂದು ಇಂಪ್ಲಾಂಟ್ ಹಲ್ಲಿಗೆ ಅಲ್ಲಿಗಿಂತ ಊರಿನಲ್ಲಿ 80,000 ರೂಪಾಯಿ ಕಡಿಮೆ ಎಂದಿಟ್ಟುಕೊಳ್ಳೋಣ. ಮೊದಲ ಸಲ ಹೇಗೂ ರಜೆಗೆ ಬಂದದ್ದು, ಆ ಟಿಕೆಟನ್ನು ಸೇರಿಸುವುದು ಬೇಡ. ಎಲುಬಿನೊಳಗೆ ಸ್ಕ್ರೂ ಕೂರಿಸಿದ ಮೇಲೆ ನಾಲ್ಕು ತಿಂಗಳು ಬಿಟ್ಟು ಹಲ್ಲು ಹಾಕಿಸಲು ಇನ್ನೊಮ್ಮೆ ಬರಬೇಕು. ಟಿಕೆಟಿಗೆ 35,000, ಸಂಬಳವಿಲ್ಲದ ಒಂದು ವಾರದ ರಜೆಗೆ 20,000, ಓಡಾಟಕ್ಕೆ 5,000. ಒಟ್ಟು 60,000. ಉಳಿದದ್ದು 20,000 ಮಾತ್ರ. ಹಾಕಿದ ಹಲ್ಲು ಸಡಿಲವಾಗಿ ಮೂರನೇ ಸಲ ಅಷ್ಟೇ ಖರ್ಚಿನಲ್ಲಿ ಬರಬೇಕಾದರೆ 40,000 ರೂಪಾಯಿ ಕೈಯಿಂದಲೇ ಹೋಯಿತು!

ಅದೇ ಕೆಲಸವನ್ನು ಎರಡು ವಾರ್ಷಿಕ ರಜೆಗಳಿಗೆ ಹಂಚಿದರೆ? ಈ ವರ್ಷ ಸ್ಕ್ರೂ, ಮುಂದಿನ ವರ್ಷ ಹಲ್ಲು. ಇದಕ್ಕೆ ವೈದ್ಯರು ಒಪ್ಪಿದರೆ ಎರಡನೇ ಟಿಕೆಟಿನ ಖರ್ಚೇ ಇಲ್ಲ, ಉಳಿತಾಯ ಪೂರ್ತಿ ಕೈಸೇರುತ್ತದೆ. ಹಣ ಉಳಿಯುವುದು ಅಗ್ಗದ ಕ್ಲಿನಿಕ್ಕಿನಿಂದ ಎನ್ನುವುದಕ್ಕಿಂತ ಸರಿಯಾದ ಯೋಜನೆಯಿಂದ ಎಂಬುದು ಇದರಿಂದ ತಿಳಿಯುತ್ತದೆ.

ಯಾವ ಚಿಕಿತ್ಸೆಗೆ ಎಷ್ಟು ದಿನ?

ಎಲ್ಲ ಹಲ್ಲಿನ ಕೆಲಸಗಳೂ ಒಂದೇ ಅಲ್ಲ. ಸ್ಥೂಲವಾಗಿ ಹೀಗೆ ಹೇಳಬಹುದು:

1. ಹಲ್ಲು ಸ್ವಚ್ಛಗೊಳಿಸುವುದು, ಹುಳುಕು ತುಂಬಿಸುವುದು: ಒಂದೆರಡು ಭೇಟಿ ಸಾಕು. ರಜೆಯ ಯಾವ ದಿನಕ್ಕಾದರೂ ಹೊಂದುತ್ತದೆ.

2. ರೂಟ್ ಕೆನಾಲ್: ಒಂದರಿಂದ ಮೂರು ಭೇಟಿ. ಆಮೇಲೆ ಅಳತೆ ತೆಗೆದು ಲ್ಯಾಬಿನಿಂದ ಕ್ರೌನ್ ಬರಲು ಇನ್ನೂ ಕೆಲವು ದಿನ. ಎರಡರಿಂದ ಮೂರು ವಾರ ಕೈಯಲ್ಲಿರಲಿ. ಬಂದ ಮೊದಲ ವಾರವೇ ಆರಂಭಿಸಿ. ಹೊಸ ಕ್ರೌನಿನಲ್ಲಿ ಒಂದು ವಾರವಾದರೂ ಊಟ ಮಾಡಿ ನೋಡಿದ ಮೇಲೆ ವಿಮಾನ ಹತ್ತಿ.

3. ದವಡೆಯ ಕೊನೆಯ ಹಲ್ಲು ಕೀಳಿಸುವುದು: ಹೊಲಿಗೆ ಹಾಕಿದ್ದರೆ ತೆಗೆಯಲು ಸುಮಾರು ಒಂದು ವಾರ. ನಮ್ಮ ಭಾವನಿಗಾದ ಡ್ರೈ ಸಾಕೆಟ್ ನೋವು ಬರುವುದು ಸಾಮಾನ್ಯವಾಗಿ ಮೊದಲ ಐದು ದಿನಗಳೊಳಗೆ. ಆದ್ದರಿಂದ ಆ ವಾರ ಪ್ರವಾಸ ಬೇಡ, ಧೂಮಪಾನವಂತೂ ಬೇಡವೇ ಬೇಡ.

4. ಪೂರ್ಣ ದಂತಪಂಕ್ತಿ: ನಾಲ್ಕೈದು ಭೇಟಿ. ಹಲ್ಲು ಕೀಳಿಸಿದ್ದರೆ ಒಸಡು ಕುಗ್ಗಿ ಗಟ್ಟಿಯಾಗಲು ಕೆಲವು ತಿಂಗಳು ಬೇಕು. ಹೊಸ ದಂತಪಂಕ್ತಿ ಒತ್ತಿದ ಕಡೆ ಉಜ್ಜಿಸಿಕೊಳ್ಳಲು ಮತ್ತೆ ಹೋಗಲೇಬೇಕು.

5. ಇಂಪ್ಲಾಂಟ್: ಟೈಟಾನಿಯಂ ಸ್ಕ್ರೂ ಎಲುಬಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ತಕ್ಷಣ ಹಲ್ಲು ಕೂರಿಸುವ ವಿಧಾನವೂ ಇದೆ, ಆದರೆ ಅದು ಎಲ್ಲರ ಎಲುಬಿಗೂ ಹೊಂದುವುದಿಲ್ಲ. ಟಿಕೆಟಿನ ದಿನಾಂಕ ನೋಡಿ ಆ ವಿಧಾನವನ್ನು ಆರಿಸಬಾರದು, ಎಲುಬಿನ ಎಕ್ಸ್‌ರೇ ನೋಡಿ ಆರಿಸಬೇಕು.

6. ಹಲ್ಲಿಗೆ ತಂತಿ ಕಟ್ಟಿಸುವುದು: ಒಂದೂವರೆ ಎರಡು ವರ್ಷಗಳ ಕೆಲಸ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬಿಗಿ ಮಾಡಿಸಬೇಕು. ಮಕ್ಕಳು ಎಲ್ಲಿ ಓದುತ್ತಿದ್ದಾರೋ ಅಲ್ಲಿಯೇ ಮಾಡಿಸುವುದು ಲೇಸು.

ಮರೆಯಬಾರದ ಅಪಾಯಗಳು

ರಜೆ ಮುಗಿಯುವ ಭಯದಲ್ಲಿ ನಾವೇ ಡಾಕ್ಟರಿಗೆ ಅವಸರ ಮಾಡುತ್ತೇವೆ. "ಎಲ್ಲ ಒಟ್ಟಿಗೆ ಮುಗಿಸಿಬಿಡಿ ಡಾಕ್ಟ್ರೇ, ಹದಿನೈದಕ್ಕೆ ಫ್ಲೈಟು" ಎನ್ನುತ್ತೇವೆ. ಅರ್ಧ ವಾಸಿಯಾದ ಬಾಯಿಯಲ್ಲಿ ಹಾರುವ ಪರಿಸ್ಥಿತಿ ಬರುವುದು ಹೀಗೆ. ಸೋಂಕು ಉಳಿದ ಹಲ್ಲು ವಿಮಾನದೊಳಗಿನ ಗಾಳಿಯ ಒತ್ತಡ ಬದಲಾದಾಗ ಜೋರಾಗಿ ನೋಯಬಹುದು. ಮೇಲ್ದವಡೆಯ ಸೈನಸ್ ಬಳಿ ಎಲುಬು ತುಂಬುವ ಶಸ್ತ್ರಚಿಕಿತ್ಸೆ ಆಗಿದ್ದರೆ ಯಾವಾಗ ಹಾರಬಹುದೆಂದು ವೈದ್ಯರನ್ನೇ ಕೇಳಿ.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಎಲುಬು ಸವೆತಕ್ಕೆ ತೆಗೆದುಕೊಳ್ಳುವ ಮದ್ದು, ಇವುಗಳ ವಿಷಯವನ್ನು ಮೊದಲೇ ಹೇಳಿ. ಹೇಳದೆ ಹಲ್ಲು ಕೀಳಿಸಿದರೆ ರಕ್ತ ನಿಲ್ಲದಿರುವುದು, ಗಾಯ ಮಾಯದಿರುವುದು ಸಂಭವಿಸಬಹುದು. ಉಪಕರಣಗಳನ್ನು ಆಟೋಕ್ಲೇವ್ ಮಾಡಿದ ಮುಚ್ಚಿದ ಚೀಲದಿಂದ ನಿಮ್ಮ ಎದುರೇ ತೆಗೆಯುತ್ತಾರೆಯೇ ಎಂದು ನೋಡಲು ಸಂಕೋಚ ಬೇಡ. ಹೆಪಟೈಟಿಸ್ ಬಿ ಯಂಥ ರೋಗಗಳು ಸ್ವಚ್ಛವಿಲ್ಲದ ಸೂಜಿ, ಉಪಕರಣಗಳಿಂದ ಹರಡುತ್ತವೆ.

ಗಲ್ಫಿಗೆ ಮರಳುವವರಿಗೆ ಇನ್ನೊಂದು ಎಚ್ಚರಿಕೆ. ಇಲ್ಲಿ ನೋವಿಗೆಂದು ಬರೆದುಕೊಟ್ಟ ಟ್ರಮಡಾಲ್ ಅಥವಾ ಕೊಡೀನ್ ಇರುವ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಮುಂಚಿತ ಅನುಮತಿಯಿಲ್ಲದೆ ಅವನ್ನು ಬ್ಯಾಗಿನಲ್ಲಿ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಷ್ಟಕ್ಕೆ ಸಿಲುಕಬಹುದು. ಬೇರೆ ಮಾತ್ರೆ ಬರೆದುಕೊಡುವಂತೆ ಡಾಕ್ಟರನ್ನು ಕೇಳಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಾಯುವುದರಲ್ಲಿದೆ. ಬಾಯಿಯೊಳಗಿನ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ ರಜೆಗಾಗಿ ಕಾಯಬೇಡಿ! ಎಷ್ಟೇ ಖರ್ಚಾದರೂ ಇರುವಲ್ಲಿಯೇ ತೋರಿಸಿ. ಹೊಗೆಸೊಪ್ಪು ಹಾಕುವವರಷ್ಟೇ ಅಲ್ಲ, ಬರೀ ಎಲೆಯಡಿಕೆ ಹಾಕುವವರೂ ಇದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಪಟ್ಟಿಮಾಡಿದೆ. ಅಡಿಕೆ ಬೆಳೆಯುವ ನಮಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು. ಮೊದಲ ಹಂತದಲ್ಲಿ ಗುಣವಾಗುವ ಬಾಯಿ ಕ್ಯಾನ್ಸರ್ ಹತ್ತು ತಿಂಗಳು ರಜೆಗಾಗಿ ಕಾಯುವುದಿಲ್ಲ.

ಗುಂಡ್ಲುಪೇಟೆಯ ಅಜ್ಜಿಯ ಪರದೇಶ

ಅಂದು ಗುಂಡ್ಲುಪೇಟೆಯ ಕ್ಲಿನಿಕ್ಕಿನಲ್ಲಿ ನಮ್ಮ ಪಕ್ಕ ಒಬ್ಬ ಅಜ್ಜಿ ಕುಳಿತಿದ್ದರು. ಕಾಡಂಚಿನ ಹಳ್ಳಿಯವರು, ಬಾಯಲ್ಲಿ ಮೂರು ಹಲ್ಲು. ಹಲ್ಲಿನ ಸೆಟ್ಟು ಮಾಡಿಸಲು ಮೈಸೂರಿಗೆ ಹೋಗಿ ಎಂದು ಯಾರೋ ಹೇಳಿದ್ದರಂತೆ. "ಐದು ಸಲ ಹೋಗ್ಬೇಕಂತೆ ಕಣಪ್ಪ, ಯಾರ ಕರ್ಕೊಂಡು ಹೋಗ್ಲಿ?" ಎಂದರು. ಅವರ ಮಾತು ಕೇಳಿ ನಮ್ಮ ಭಾವನೂ ಸುಮ್ಮನಾದರು.

ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಹೋಗಿಬರಲು 120, ಐದು ಸಲಕ್ಕೆ 600 ಕಿಲೋಮೀಟರ್! 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಈಗ ಅಂಥ ಅಜ್ಜಿಯಂದಿರಿಗೆ ಸರಕಾರಿ ಬಸ್ಸಿನ ಟಿಕೆಟು ಉಚಿತ. ಜೊತೆಗೆ ಬರುವ ಮಗನ ಟಿಕೆಟು, ಐದು ದಿನದ ಕೂಲಿ ಉಚಿತವಲ್ಲ. ಹೊಲದಲ್ಲಿ ಅರಿಸಿನ, ಚೆಂಡುಹೂ ಕೊಯ್ಲಿನ ದಿನಗಳಾದರೆ ಆ ಕೂಲಿ ಬಿಡುವುದು ಇನ್ನೂ ಕಷ್ಟ. ನಮಗೆ ಅರಬ್ಬಿ ಸಮುದ್ರ ಹೇಗೋ ಅವರಿಗೆ ಆ 60 ಕಿಲೋಮೀಟರ್ ಹಾಗೆ. ಲೆಕ್ಕದ ರೀತಿ ಒಂದೇ: ಒಂದು ಭೇಟಿಯ ಬೆಲೆಯನ್ನು ಭೇಟಿಗಳ ಸಂಖ್ಯೆಯಿಂದ ಗುಣಿಸಬೇಕು.

ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲು ಕರ್ನಾಟಕ ಸರಕಾರ 2014ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಚಾಮರಾಜನಗರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ದೂರದ ಪಟ್ಟಣಕ್ಕೆ ಹೊರಡುವ ಮೊದಲು ತಾಲ್ಲೂಕು, ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು. ಹತ್ತಿರದಲ್ಲೇ ಆಗುವ ಕೆಲಸಕ್ಕೆ ದೂರ ಹೋಗುವುದೇಕೆ? ನಮ್ಮ ಮನೆಯ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ಕೇಳಿ ಪಡೆಯಬೇಕಾದ ಕಾಗದಗಳು

ಚಿಕಿತ್ಸೆಗೆ ಒಪ್ಪುವ ಮೊದಲು ಯಾವ ಹಲ್ಲಿಗೆ ಏನು, ಎಷ್ಟು ಭೇಟಿ, ಒಟ್ಟು ಎಷ್ಟು ಖರ್ಚು ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ಹೊರಡುವ ಮುಂಚೆಯೇ ಅಲ್ಲಿಂದ ಎಕ್ಸ್‌ರೇ ಕಳುಹಿಸಿ ವಿಚಾರಿಸಿ. ವೈದ್ಯರು ರಾಜ್ಯ ದಂತ ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಕ್ಲಿನಿಕ್ಕಿಗೂ ನೋಂದಣಿ ಬೇಕು. ಎರಡೂ ಗೋಡೆಯ ಮೇಲೆ ಕಾಣಬೇಕಾದ ವಿಷಯಗಳು.

ಮರಳುವಾಗ ಜೊತೆಯಲ್ಲಿರಬೇಕಾದವು ಇವು: ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇ, ಮಾತ್ರೆಯ ಚೀಟಿ, ಬಿಲ್ಲು, ಇಂಪ್ಲಾಂಟ್ ಆಗಿದ್ದರೆ ಅದರ ಕಂಪೆನಿ, ಅಳತೆ ಮತ್ತು ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್. ಈ ಸ್ಟಿಕ್ಕರ್ ಇಲ್ಲದಿದ್ದರೆ ಹೊರದೇಶದ ವೈದ್ಯರಿಗೆ ಸಡಿಲವಾದ ಸ್ಕ್ರೂ ಬಿಗಿಮಾಡಲು ಯಾವ ಉಪಕರಣ ಬೇಕೆಂದೇ ತಿಳಿಯದೆ ಹೋಗಬಹುದು. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಫ್ರಿಜ್ಜಿನ ಮೇಲೆ ಇಡಬೇಡಿ!

ನ್ಯಾಯ ಕೇಳಬೇಕಾದಾಗಲೂ ಈ ಕಾಗದಗಳೇ ಆಧಾರ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷದೊಳಗೆ ದೂರು ಕೊಡಬೇಕು. ಅಂತರ್ಜಾಲದ ಮೂಲಕವೂ ದೂರು ಸಲ್ಲಿಸಬಹುದು. ಆದರೆ ಪರದೇಶದಲ್ಲಿ ಕುಳಿತು ಮೊಕದ್ದಮೆ ನಡೆಸುವುದು ಎಷ್ಟು ಕಷ್ಟವೆಂದು ಅನುಭವಿಸಿದವರೇ ಬಲ್ಲರು. ಮೊದಲೇ ಎಚ್ಚರವಹಿಸುವುದೇ ಉತ್ತಮ.

ಕೊನೆಯದಾಗಿ...

ಪ್ರಿಯ ಓದುಗರೇ, ಊರಿಗೆ ಬಂದು ಹಲ್ಲು ಕಟ್ಟಿಸಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಊರಿನ ವೈದ್ಯರ ಕೈಗುಣದ ಮೇಲೆ ನಮಗೆ ವಿಶ್ವಾಸವಿದೆ. ಸಣ್ಣ ಕೆಲಸವನ್ನು ಇರುವಲ್ಲೇ ಮಾಡಿಸಿ, ದೊಡ್ಡ ಕೆಲಸವನ್ನು ರಜೆಗಳಿಗೆ ಹಂಚಿ ಮಾಡಿಸಿ, ರಜೆಯ ಮೊದಲ ವಾರವೇ ಆರಂಭಿಸಿ, ಕೊನೆಯ ವಾರವನ್ನು ಖಾಲಿ ಬಿಡಿ. ವಾಸಿಯಾಗದ ಹುಣ್ಣನ್ನು ಮಾತ್ರ ಒಂದು ದಿನವೂ ಮುಂದೂಡಬೇಡಿ.

ನಮ್ಮ ಭಾವ ಈಗಲೂ ಪ್ರತಿ ವರ್ಷ ಬರುತ್ತಾರೆ. ವಿಮಾನ ಇಳಿದ ಮೂರನೇ ದಿನ ಹಲ್ಲು ತೋರಿಸುತ್ತಾರೆ, ಪ್ರವಾಸವೇನಿದ್ದರೂ ಆಮೇಲೆ. ಕಳೆದ ಬಾರಿ ಬಂಡೀಪುರದ ದಾರಿಯಲ್ಲಿ ಕಾರು ನಿಧಾನ ಮಾಡಿಸಿ ಜಿಂಕೆಗಳನ್ನು ಕಣ್ತುಂಬ ನೋಡಿದರು. ಸಿಗರೇಟು ಬಿಟ್ಟು ಮೂರು ವರ್ಷವಾಯಿತಂತೆ.